ಒದರಲಿಲ್ಲವೆಂದು ನೋಡದವರ ಕಾಲದಿಂದ

ಮೊಕ್ಕಾಂ ಗಜೇಂದ್ರಗಡ
ಫೆಬ್ರುವರಿ ೩೦, ೨೧೧೯

ಎಲೈ ಪೂರ್ವಜರೇ! ಕಾರಿನ ಬಾಗಿಲು ತೆಗೆದು ಒಳಗೆ ಕೂರಲು ಹೊರಟಿರುವ ಮಹನೀಯರೇ, ಮಹಿಳೆಯರೇ, ಒಂದು ಗಳಿಗೆ ನಿಲ್ಲಿ!

ತಾರೀಖು ನೋಡಿ ಬೆಚ್ಚಬೇಡಿ. ಫೆಬ್ರುವರಿಗೆ ಆಗಿದ್ದ ಅನ್ಯಾಯವನ್ನು ನಮ್ಮ ಅಜ್ಜಂದಿರು ಸರಿಪಡಿಸಿ ಅದಕ್ಕೂ ಮೂವತ್ತು ದಿನ ಕೊಟ್ಟರು. ಉಳಿದ ಅನ್ಯಾಯಗಳು ಇದ್ದ ಹಾಗೇ ಇವೆ. ನನ್ನ ಮಾತಿನಲ್ಲಿ ಗುರುತು ಸಿಗದ ಪದಗಳು ಬಂದರೆ ಕ್ಷಮಿಸಿ, ಅವು ನೀವು ಕಣ್ಣು ಮುಚ್ಚಿದ ಮೇಲೆ ಹುಟ್ಟಿದವು. ದನಿ ದೊಡ್ಡದಾಯಿತು ಎಂದರೆ ಮಾತ್ರ ಕ್ಷಮೆ ಕೇಳಲಾರೆ. ನಾನು ಬಸಲಿಂಗಪ್ಪ ಹೂಲಿ, ಅಡವಿಲಿಂಗೇಶ್ವರ ನಾಟ್ಯ ಸಂಘದ ಮಾಲೀಕ, ಮೀಸೆ ಚಿಗುರಿದಂದಿನಿಂದ ಖಳನಾಯಕ. ಕಟ್ಟಕಡೆಯ ಸಾಲಿನಲ್ಲಿ ಶೇಂಗಾ ಸುಲಿಯುತ್ತ ಕೂತವನಿಗೂ ಕೇಳಬೇಕೆಂದು ಪಳಗಿಸಿದ ಗಂಟಲು ಇದು. ಇವತ್ತು ಆ ಕಡೆಯ ಸಾಲಿನಲ್ಲಿ, ತೊಂಬತ್ತು ಚಿಲ್ಲರೆ ವರ್ಷಗಳ ದೂರದಲ್ಲಿ, ನೀವು ಕೂತಿದ್ದೀರಿ. ಕೇಳಿರಿ! ನಾಳೆ ಮುಂಜಾನೆ ನಮ್ಮ ಕಂಪನಿಯ ರಾಣಿ ಪಾತ್ರದ ಫಕೀರವ್ವ, ಒಂದು ಕಾಲಿನ ಬಲ ಕಳೆದುಕೊಂಡ ಫಕೀರವ್ವ, ಕೋಲೂರಿಕೊಂಡು ರಸ್ತೆ ದಾಟಲಿದ್ದಾಳೆ. ಆಕೆ ಆಚೆ ಬದಿ ಮುಟ್ಟುತ್ತಾಳೋ ಇಲ್ಲವೋ ಎನ್ನುವುದೇ ಈ ಓಲೆಯ ವಿಷಯ.

ಮೊದಲು ನಮ್ಮ ಗಾಡಿಗಳ ಸಂಗತಿ. ತಿರುಗಿಸುವ ಚಕ್ರ ಇನ್ನೂ ಮನುಷ್ಯನ ಕೈಯಲ್ಲೇ ಇದೆ. ನೋಡುವ ಕೆಲಸ ಮಾತ್ರ ಗಾಡಿಯದು. ಗಾಡಿಯ ಮೂತಿ, ಬೆನ್ನು, ಪಕ್ಕೆಗಳ ತುಂಬ ಸಾಸಿವೆ ಕಾಳಿನಂಥ ಕಣ್ಣುಗಳು. ನೀವು ಅವನ್ನು ಸೆನ್ಸರ್ ಎನ್ನುತ್ತೀರಂತೆ, ನಾವು ಒದರುಗಣ್ಣು ಎನ್ನುತ್ತೇವೆ. ಒದರುವುದೆಂದರೆ ನಮ್ಮ ಸೀಮೆಯಲ್ಲಿ ಕೂಗುವುದು. ಎಡಕ್ಕೆ ಹೊರಳಬೇಕಾದರೆ ಸೀಟು ಎಡತೊಡೆಯನ್ನು ಮೆಲ್ಲಗೆ ಒತ್ತುತ್ತದೆ, ಬಲಕ್ಕಾದರೆ ಬಲತೊಡೆಯನ್ನು. ಅಡ್ಡ ಏನಾದರೂ ಬಂದರೆ ಕಿವಿಯ ಪಕ್ಕದಲ್ಲೇ ಒದರುತ್ತದೆ. ಒದರಿತೋ, ಕಾಲು ಬ್ರೇಕಿನ ಮೇಲೆ. ಒದರಲಿಲ್ಲವೋ, ಲೋಕದಲ್ಲಿ ಏನೂ ಇಲ್ಲ! ಮುಂದಿನ ಗಾಜು ರಸ್ತೆ ತೋರಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅದರ ಮೇಲೆ ಬೀಗರ ಮದುವೆ ನಡೆಯುತ್ತದೆ, ಕುಸ್ತಿ ನಡೆಯುತ್ತದೆ. ಬೇಕೆಂದವರು ಮೂಲೆಯ ಗುಂಡಿ ಒತ್ತಿದರೆ ರಸ್ತೆಯೂ ಕಾಣುತ್ತದೆ, ಆದರೆ ಆ ಗುಂಡಿಯ ಮೇಲೆ ಧೂಳು ಕೂತಿರುತ್ತದೆ. ಕಾನೂನಿನ ಪುಸ್ತಕದಲ್ಲಿ ‘ಚಾಲಕ’ ಎಂಬ ಪದವನ್ನು ಹೊಡೆದು ‘ಆಸೀನ’ ಎಂದು ಬರೆದಿದ್ದಾರೆ. ಆಸೀನ! ಕೂತವನು! ಈ ಶತಮಾನದಲ್ಲಿ ಸರಕಾರ ಆಡಿದ ಒಂದೇ ಒಂದು ಸತ್ಯ ಅದು.

ಒದರುಗಣ್ಣಿನ ಮೇಲೆ ನನಗೆ ಹಗೆಯಿಲ್ಲ. ದಟ್ಟ ಮಂಜಿನಲ್ಲಿ ನನ್ನ ತಂಗಿಯ ಮಗಳು ಚೆಂಡಿನ ಹಿಂದೆ ರಸ್ತೆಗೆ ಹಾರಿದ್ದಳು. ಮನುಷ್ಯನ ಕಣ್ಣಿಗೆ ಏನೂ ಕಾಣದ ಹೊತ್ತು. ಗಾಡಿ ಒದರಿತು, ನಿಂತಿತು, ಹುಡುಗಿ ಉಳಿದಳು. ಅಂದು ಆ ಗಾಡಿಯ ಮೂತಿಗೆ ಅರಿಸಿನ ಕುಂಕುಮ ಹಚ್ಚಿದವನು ನಾನೇ. ಆದರೆ ನಮ್ಮ ರಂಗದಲ್ಲೂ ಒಂದು ಒದರುಗಣ್ಣು ಇದೆ, ಅದರ ನ್ಯಾಯ ನನಗೆ ಗೊತ್ತು. ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತ ನಟನಿಗೆ ಎತ್ತಿ ಕೊಡುವ ಪ್ರಾಂಪ್ಟರ್! ಅವನಿಲ್ಲದೆ ನಾಟಕವಿಲ್ಲ. ಆದರೆ ಅವನು ಪ್ರತಿ ಸಾಲನ್ನೂ ಮೊದಲೇ ಹೇಳಿಕೊಡಲು ಶುರುಮಾಡಿದ ದಿನ ನಟ ಸತ್ತ! ಆಮೇಲೆ ರಂಗದ ಮೇಲೆ ನಿಂತಿರುವುದು ಬರೀ ಕಿವಿ, ಮುಖಕ್ಕೆ ಬಣ್ಣ ಬಳಿದ ಕಿವಿ. ಎದುರಿನ ಪಾತ್ರಧಾರಿ ಕಾಲು ಜಾರಿ ಬಿದ್ದರೂ ಅವನು ಪ್ರಾಂಪ್ಟರ್ ಕಡೆಗೇ ವಾಲಿಕೊಂಡಿರುತ್ತಾನೆ. ಅಂಥವರನ್ನು ನಾನು ನಡು ಅಂಕದಲ್ಲೇ ಕತ್ತು ಹಿಡಿದು ಹೊರಗೆ ಹಾಕಿದ್ದೇನೆ. ರಸ್ತೆಯಿಂದ ಹೊರಗೆ ಹಾಕುವವರು ಯಾರು?

ಇನ್ನು ನಡೆದದ್ದು. ನಮ್ಮ ಕಂಪನಿಯಲ್ಲಿ ಒಂದು ಬೀದಿಪರದೆ ಇದೆ. ಮೊದಲ ಅಂಕದ ಪೇಟೆ ದೃಶ್ಯಕ್ಕೆ ಇಳಿಬಿಡುವ ದೊಡ್ಡ ಬಟ್ಟೆ. ಎರಡೂ ಬದಿಗೆ ಅಂಗಡಿಸಾಲು, ನಡುವೆ ನೇರ ರಸ್ತೆ, ಅದು ದೂರ ದೂರ ಹೋಗಿ ಒಂದು ಗೋಪುರದ ಬುಡದಲ್ಲಿ ಕರಗುತ್ತದೆ. ಭಲೇ ಬರೆದಿದ್ದಾರೆ, ಮಕ್ಕಳು ಅದರೊಳಗೆ ನಡೆದುಹೋಗಲು ಹೊರಟು ಮೂಗು ತಾಗಿಸಿಕೊಳ್ಳುತ್ತವೆ. ಅಕಾಲದ ಮಳೆಗೆ ಅದು ನೆನೆಯಿತು. ಮರುದಿನ ಬಿಸಿಲು ಬಿದ್ದ ಕೂಡಲೇ ನಮ್ಮವರು ಅದನ್ನು ಒಣಗಲು ಕಟ್ಟಿದರು. ಎಲ್ಲಿ? ನಮ್ಮ ಬಿಡಾರದ ಎದುರು ರಸ್ತೆ ಎಡಕ್ಕೆ ಹೊರಳುವ ಜಾಗದಲ್ಲಿ, ಎರಡು ಬೇವಿನ ಮರಗಳ ನಡುವೆ, ಚಿತ್ರದ ಮುಖ ರಸ್ತೆಗೆ! ತಪ್ಪು, ಒಪ್ಪಿದೆ. ನಾಟಕದವರಿಗೆ ಮಾತ್ರ ಆಗಬಹುದಾದ ತಪ್ಪು. ಜನ ನೋಡುವ ಕಡೆಗೆ ಚಿತ್ರ ತಿರುಗಿಸಿ ಕಟ್ಟುವುದೇ ನಮ್ಮ ಕೈಗೆ ಬಂದ ಚಟ. ಪರದೆಯ ನೆರಳಿನಲ್ಲಿ, ಅದರ ಹಿಂದೆ, ಹೊರಸಿನ ಮೇಲೆ ಕೂತು ಫಕೀರವ್ವ ರಾಣಿಯ ಕಿರೀಟಕ್ಕೆ ಉದುರಿದ ಮಣಿ ಪೋಣಿಸುತ್ತಿದ್ದಳು.

ಜಯತೀರ್ಥ ಇನಾಮದಾರ ಎಂಬ ಆಸೀನ ಬಂದ. ಕೆಟ್ಟವನಲ್ಲ, ಕುಡಿದಿರಲಿಲ್ಲ, ಬೀಜದಂಗಡಿ ಇಟ್ಟುಕೊಂಡು ಸಂಸಾರ ಸಾಗಿಸುವ ಸಾಧು ಮನುಷ್ಯ. ಗಾಡಿಯ ನಕಾಶೆ ಎಡಕ್ಕೆ ಎಂದಿತು, ಒದರುಗಣ್ಣು ಎದುರಿಗೆ ಚಂದದ ರಸ್ತೆ ಇದೆ ಎಂದಿತು. ಎರಡರ ನಡುವೆ ಗಾಡಿ ಬಾಯಿ ಮುಚ್ಚಿಕೊಂಡಿತು. ಸೀಟು ಯಾವ ತೊಡೆಯನ್ನೂ ಒತ್ತಲಿಲ್ಲ. ಆ ಮಹಾನುಭಾವ ಗಾಜಿನ ಮೇಲೆ ಕುಸ್ತಿ ನೋಡುತ್ತ ನಮ್ಮ ಪೇಟೆಬೀದಿಯೊಳಗೆ ನೇರ ನುಗ್ಗಿದ! ಬಟ್ಟೆ ಹರಿಯಿತು, ಹೊರಸು ಮುರಿಯಿತು, ಫಕೀರವ್ವನ ತೊಡೆಯ ಎಲುಬು ಮುರಿಯಿತು. ಗಾಡಿಯಿಂದ ಇಳಿದು ಅವನು ಆಡಿದ ಮೊದಲ ಮಾತು ಕೇಳಿರಿ.

“ಅದು ಒದರಲೇ ಇಲ್ಲಲ್ರೀ!”

ನೋವಿನಲ್ಲಿ ಹಲ್ಲು ಕಚ್ಚಿದ್ದ ಫಕೀರವ್ವ ಹೇಳಿದಳು, “ನಾ ಒದರಿದೆನಲ್ಲೋ ಭಾಡ್ಯಾ!”

ರಸ್ತೆಯ ವ್ಯಾಜ್ಯ ತೀರಿಸಲು ನಮ್ಮಲ್ಲಿ ರಸ್ತೆಕಟ್ಟೆ ಎಂಬ ನ್ಯಾಯಸ್ಥಾನವಿದೆ. ಕಟ್ಟೆಯ ಮೇಲೆ ಮೆಹಬೂಬಿ ನದಾಫ ಎಂಬ ತೀರ್ಪುಗಾರ್ತಿ. ಫಕೀರವ್ವನನ್ನು ಬೇರೊಂದು ಹೊರಸಿನ ಸಮೇತ ಹೊತ್ತುಕೊಂಡು ಹೋದೆವು. “ಏನು ಬೇಕವ್ವಾ ನಿಮಗ?” ಎಂದು ಆಯಮ್ಮ ಕೇಳಿದರೆ ಈಕೆ ಪರಿಹಾರ ಕೇಳಲಿಲ್ಲ, ಶಿಕ್ಷೆ ಕೇಳಲಿಲ್ಲ. “ನಾ ನೋಡಲಿಲ್ಲ ಅಂತ ಅವ ಒಂದು ಮಾತು ಹೇಳ್ಲಿ, ಸಾಕು” ಎಂದಳು. ಅಷ್ಟೇ! ಜಯತೀರ್ಥ ತಲೆ ತಗ್ಗಿಸಿದ. ಅವನ ಗಾಡಿ ಕಂಪನಿಯ ವಕೀಲ ಎದ್ದು, ನೋಡುವುದು ಆಸೀನನ ಕರ್ತವ್ಯವಲ್ಲ, ಒದರಿದಾಗ ನಿಲ್ಲಿಸುವುದಷ್ಟೇ ಕರ್ತವ್ಯ, ಅದು ಒದರಿಲ್ಲ ಎಂದ. ನನ್ನ ರಕ್ತ ಕುದಿಯಿತು. ರಂಗದ ಮೇಲೆ ಎಷ್ಟೋ ಸಲ ವಿಷ ಹಾಕಿದ್ದೇನೆ, ರಾಜ್ಯ ಕಸಿದಿದ್ದೇನೆ, ಆದರೆ ಇಷ್ಟು ನುಣ್ಣಗಿನ ಖಳಮಾತನ್ನು ಯಾವ ಕವಿಯೂ ನನ್ನ ಬಾಯಿಗೆ ಹಾಕಿರಲಿಲ್ಲ!

ಮೆಹಬೂಬಿ ನದಾಫ ಮೂರ್ಖಳಲ್ಲ. ಹೊಲಿದ ಪರದೆಯನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿಸಿದಳು. ಹಿಂದೆ ಯಾರೂ ಇಲ್ಲ. ಜಯತೀರ್ಥ ಅದೇ ಗಾಡಿಯಲ್ಲಿ ಅದೇ ರಸ್ತೆಯಲ್ಲಿ ಬರಬೇಕು, ಗಾಜಿನ ಮೇಲೆ ಚಿತ್ರ ಇರಕೂಡದು. ಇಡೀ ಊರು ಅಂಚಿಗೆ ನಿಂತಿತ್ತು. ಗಾಡಿ ಬಂತು. ಒದರುಗಣ್ಣು ಅವತ್ತಿನಂತೆಯೇ ಮೋಸಹೋಯಿತು, ಚಕಾರವಿಲ್ಲ. ಆದರೆ ಗಾಡಿ ಪರದೆಯಿಂದ ಮಾರು ದೂರದಲ್ಲಿ ಗಕ್ಕನೆ ನಿಂತಿತು. ತೀರ್ಪುಗಾರ್ತಿ ಕಿಟಕಿಯ ಹತ್ತಿರ ಹೋದಳು.

“ಅದು ಒದರಲಿಲ್ಲ. ಮತ್ಯಾಕ ನಿಂದ್ರಿಸಿದ್ರಿ?”

“ಪರದಿ ಗಾಳಿಗೆ ಅಲ್ಲಾಡಿತ್ರೀ ಮೇಡಮ್ಮಾರ. ಬಟ್ಟಿ ಅಂತ ಗೊತ್ತಾತು.”

ಹೊರಸಿನ ಮೇಲಿಂದ ಫಕೀರವ್ವ ಅಂದಳು, “ಅವತ್ತೂ ಅಲ್ಲಾಡ್ತಿತ್ತೋ ತಮ್ಮಾ.”

ಪೂರ್ವಜರೇ, ನಾನು ದೊಡ್ಡ ದನಿಯ ಮನುಷ್ಯ. ನನ್ನ ಜೀವಮಾನದ ಎಲ್ಲ ಅಬ್ಬರವನ್ನು ಒಟ್ಟುಮಾಡಿದರೂ ಆ ಸಣ್ಣ ಮಾತಿಗೆ ಸಮವಾಗದು. ಜಯತೀರ್ಥ ಬಾಯಿ ತೆರೆದ, ವಕೀಲ ಅವನ ಭುಜ ಒತ್ತಿದ, ಬಾಯಿ ಮುಚ್ಚಿತು.

ಇಷ್ಟಾದ ಮೇಲೆ ತೀರ್ಪು ಏನಾಗಬೇಕಿತ್ತು? ಆಸೀನರೆಲ್ಲ ಇನ್ನು ಮುಂದೆ ನೋಡತಕ್ಕದ್ದು ಎಂದು ತಾನೆ? ಮೆಹಬೂಬಿ ನದಾಫ ಹಾಗೇ ಬರೆದಳು. ಮೇಲಿನ ಕಟ್ಟೆಯವರು ಅದನ್ನು ಅಳಿಸಿದರು! ಪ್ರತಿಯೊಬ್ಬರೂ ನೋಡಬೇಕೆಂದರೆ ಕಾನೂನು ಜನರ ಮೇಲೆ ಹೊರೆಯಾಗುತ್ತದಂತೆ. ಅದರ ಬದಲು ಬಟ್ಟೆಯನ್ನು ಗುರುತಿಸುವ ಇನ್ನೊಂದು ಕಣ್ಣನ್ನು ಗಾಡಿಗೆ ಕೂರಿಸುತ್ತಾರಂತೆ. ಅಲ್ಲಿಯತನಕ ನಮ್ಮ ಬೀದಿಪರದೆಯ ಆಕಾಶಕ್ಕೆ ಅಡ್ಡಲಾಗಿ ಒಂದು ಒದರುಪಟ್ಟಿ ಹೊಲಿಯಬೇಕು. ಒದರುಪಟ್ಟಿ ಎಂದರೆ ಗಾಡಿಯ ಕಣ್ಣಿಗೆ ಬಿದ್ದೊಡನೆ ಅದನ್ನು ಒದರಿಸುವ ಕರಿಬಿಳಿ ಗೆರೆಯ ಪಟ್ಟಿ. ಹೊಲಿದೆವು. ಈಗ ನಮ್ಮ ಪೇಟೆಬೀದಿಯ ಮೇಲೆ ಸೂರ್ಯನ ಎದೆ ಸೀಳಿಕೊಂಡು ಒಂದು ಪಟ್ಟಿ ಹೋಗುತ್ತದೆ, ಜನ ಅದೇನು ಸೇತುವೆಯೇ ಎಂದು ಕೇಳುತ್ತಾರೆ. ಅದನ್ನಾದರೂ ನುಂಗಿಕೊಂಡೆ. ಮುಂದಿನದನ್ನು ನುಂಗಲಾರೆ. ನಾಳೆ, ಮಾರ್ಚ್ ಒಂದರಿಂದ, ರಸ್ತೆಯಲ್ಲಿ ಕಾಲಿಡುವ ಪ್ರತಿಯೊಬ್ಬ ಮನುಷ್ಯನೂ ಭುಜದ ಮೇಲೆ ಒದರುಪಟ್ಟಿ ಹೊದ್ದಿರಬೇಕು. ಗಾಡಿಗಳು ಇನ್ನು ಪಟ್ಟಿ ಕಂಡರಷ್ಟೇ ಒದರುತ್ತವೆ, ಬರೀ ಮನುಷ್ಯನಿಗೆ ಒದರುವುದಿಲ್ಲ. ಹೊದೆಯದವನಿಗೆ ಗಾಡಿ ಗುದ್ದಿದರೆ ತಪ್ಪು ಗುದ್ದಿಸಿಕೊಂಡವನದು. ಎಲಾ ಎಲಾ! ಗಾಡಿಯಲ್ಲಿ ಕೂತವನು ಕಣ್ಣು ಬಿಡುವುದು ಹೊರೆ, ನಡೆಯುವವನು ತಾನು ಇದ್ದೇನೆಂದು ಮೈಮೇಲೆ ಬರೆದುಕೊಳ್ಳುವುದು ಹೊರೆಯಲ್ಲ!

ಫಕೀರವ್ವ ಪಟ್ಟಿ ಹೊದೆಯುವುದಿಲ್ಲ. ನಾನು ಬೇಡಿಕೊಂಡೆ. “ನಾ ಮನಷ್ಯಾಳು, ಬಸಲಿಂಗಾ. ಸಾಮಾನಲ್ಲ” ಎಂದಳು. ರಂಗಮಂದಿರ ರಸ್ತೆಯ ಆಚೆ ಇದೆ, ನಾಳೆ ತಾಲೀಮು ಇದೆ, ಆಕೆ ದಾಟಿಯೇ ದಾಟುತ್ತಾಳೆ.

ಇವತ್ತು ಮಧ್ಯಾಹ್ನ ನಾವು ರೊಟ್ಟಿ ತಿನ್ನುತ್ತಿದ್ದಾಗ ಜಯತೀರ್ಥ ಬಿಡಾರಕ್ಕೆ ಬಂದ. ಗಾಡಿ ದೂರ ನಿಲ್ಲಿಸಿ ನಡೆದು ಬಂದಿದ್ದ, ಭುಜದ ಮೇಲೆ ಹೊಸ ಪಟ್ಟಿ. ನಾನು ಎದ್ದು ನಿಂತೆ. ನಾನು ಎದ್ದು ನಿಂತರೆ ಸಾಮಾನ್ಯರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವನು ಸರಿಯಲಿಲ್ಲ. ನೆಟ್ಟಗೆ ಹೊರಸಿನ ಹತ್ತಿರ ಹೋದ.

“ಅವ್ವಾ, ನಾ ನೋಡಲಿಲ್ಲ.”

“ಕಟ್ಟೀ ಮ್ಯಾಲೆ ಯಾಕ ಹೇಳಲಿಲ್ಲಪಾ?”

“ಅಂಜಿದೆ. ಹೇಳಿದ್ರ ಗಾಡಿ ಕಸಗೋತಾರ ಅಂದ್ರು.”

ಫಕೀರವ್ವ ಅವನಿಗೆ ಒಂದು ರೊಟ್ಟಿ ಕೊಟ್ಟಳು. ಅವನು ನಿಂತೇ ತಿಂದ. ಆಮೇಲೆ ಆಕೆ ಅಂದಳು, “ನಾಳೆ ಮುಂಜಾನೆ ನಾ ರಸ್ತಾ ದಾಟ್ತೀನಿ. ಹಿಂದಿನ ಗಾಡಿ ನಿನ್ನ ದಾಟಿ ಬರಾಕ ಆಗದಂಗ ನಡುರಸ್ತಾದಾಗ ನಿನ್ನ ಗಾಡಿ ತಗೊಂಡು ಬಾ. ಪಟ್ಟಿ ಇಲ್ಲ ನನಗ, ಅದು ಒದರೂದಿಲ್ಲ. ನೀನs ನೋಡ್ಕೊಂತ ಬಾ.”

ನನ್ನ ಕೈಯ ರೊಟ್ಟಿ ಕೆಳಗೆ ಬಿತ್ತು. ಹುಚ್ಚು ಹಿಡಿಯಿತೇ ಈಕೆಗೆ ಎಂದು ಅಬ್ಬರಿಸಲು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಆ ನಡುವಯಸ್ಸಿನ ಗಂಡಸು, ಇಷ್ಟು ವರ್ಷ ಗಾಡಿಯಲ್ಲಿ ಕೂತವನು, ಒಂದು ಪ್ರಶ್ನೆ ಕೇಳಿದ. ಅದನ್ನು ಕೇಳಿ ನನ್ನ ಸಿಟ್ಟೆಲ್ಲ ಅವನನ್ನು ಬಿಟ್ಟು ನಿಮ್ಮ ಕಡೆ ತಿರುಗಿತು.

“ನೋಡೂದು ಅಂದ್ರ ಹೆಂಗವ್ವಾ? ಮೊದಲ ಎಲ್ಲಿ ನೋಡ್ಬೇಕು?”

ಗೊತ್ತಿಲ್ಲ ಅವನಿಗೆ! ಯಾರೂ ಕಲಿಸಿಲ್ಲ! ಅವನ ಅಪ್ಪನಿಗೆ ಗೊತ್ತಿರಲಿಲ್ಲ, ಅಜ್ಜ ಗಾಡಿ ಒದರಲೆಂದು ಕಾದು ಕೂತವನು. ಆ ಅಜ್ಜನಿಗೆ ಕಲಿಸಬೇಕಾದವರು ಯಾರು? ನೀವು! ಕಡೆಯ ಸಾಲಿನಲ್ಲಿ ಶೇಂಗಾ ಸುಲಿಯುತ್ತಿರುವ ನೀವು! ನಿಮ್ಮ ಗಾಡಿ ಮೊದಲ ಸಲ ಒದರಿದಾಗ ‘ಒಳ್ಳೆಯದಾಯಿತು, ಇನ್ನು ಅದೇ ನೋಡಿಕೊಳ್ಳುತ್ತದೆ’ ಎಂದು ಕತ್ತು ತಗ್ಗಿಸಿ ಫೋನು ತೆಗೆದಿರಲ್ಲ, ಆ ತಗ್ಗಿದ ಕತ್ತೇ ಪೀಳಿಗೆ ಪೀಳಿಗೆ ಇಳಿದು ಇವನ ಹೆಗಲ ಮೇಲೆ ಕೂತಿದೆ. ಒದರುಗಣ್ಣು ಕಿತ್ತೆಸೆಯಿರಿ ಎನ್ನುವುದಿಲ್ಲ ನಾನು. ಪ್ರಾಂಪ್ಟರ್ ಇರಲಿ, ಮಂಜಿನಲ್ಲಿ ಮಾತು ಎತ್ತಿ ಕೊಡಲಿ. ಪಾತ್ರ ನಿಮ್ಮದು. ಮಕ್ಕಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತೋರಿಸುತ್ತ ಹೋಗಿ: ಆ ಮುದುಕ ದಾಟಬೇಕೆಂದಿದ್ದಾನೆ ನೋಡು, ಆ ನಾಯಿಗೆ ಮನಸ್ಸು ಎರಡಾಗಿದೆ ನೋಡು, ಅಲ್ಲಿ ಬಟ್ಟೆ ಅಲ್ಲಾಡುತ್ತಿದೆ, ಹಿಂದೆ ಯಾರಿದ್ದಾರೋ ಎಂದು.

ಫಕೀರವ್ವ ಅವನಿಗೆ ಸಿಟ್ಟಾಗದೆ ಹೇಳಿಕೊಟ್ಟಳು, ರಂಗಕ್ಕೆ ಹೊಸಬರು ಬಂದಾಗ ಹೇಳಿಕೊಡುವ ಹಾಗೆ. “ಮೊದಲ ಮನಷ್ಯಾರ ಮಾರಿ ನೋಡು. ಉಳಿದದ್ದು ತಾನs ಕಾಣತೈತಿ.” ಅವನು ಅಲ್ಲೇ ಅಭ್ಯಾಸ ಶುರುಮಾಡಿದ. ಆಕೆಯ ಮುಖ ನೋಡಿದ, ಆಮೇಲೆ ನನ್ನದು. ಬಹಳ ಹೊತ್ತು ನೋಡಿದ. ಬಾಯಿ ಅಲುಗಿಸುತ್ತ, ಪಾಠ ಒಪ್ಪಿಸುವವನಂತೆ.

ನಾಳೆ ನಾನೂ ಆಕೆಯ ಪಕ್ಕದಲ್ಲೇ ನಡೆಯುತ್ತೇನೆ, ಪಟ್ಟಿಯಿಲ್ಲದೆ. ಗಂಟಲಿದೆ, ಆದರೆ ಕಿವಿ ಮುಚ್ಚಿದ ಗಾಡಿಯೊಳಕ್ಕೆ ನನ್ನ ಗಂಟಲೂ ಇಳಿಯದು. ಅವನ ಕಣ್ಣೊಂದೇ ನಮಗೆ ದಿಕ್ಕು. ಅವನ ಮೂಗಿನ ಎಡಕ್ಕೆ ಒಂದು ಮಚ್ಚೆ ಇದೆ, ನಕ್ಕರೆ ಒಂದೇ ಕೆನ್ನೆ ಗುಳಿ ಬೀಳುತ್ತದೆ. ಒಮ್ಮೆ ಕನ್ನಡಿ ನೋಡಿಕೊಳ್ಳಿ, ಮಹನೀಯರೇ. ನಿಮ್ಮ ಮರಿಮಗ ಇರಬಹುದು. ಇನ್ನೂ ಹೊತ್ತು ಮೀರಿಲ್ಲ, ಅವನಿಗೆ ಕಲಿಸಿ. ನಾವು ರಸ್ತೆಗೆ ಇಳಿಯುತ್ತಿದ್ದೇವೆ.

ಬಸಲಿಂಗಪ್ಪ ಹೂಲಿ