ಎರಡರಿಂದ ಎಂಟನೆಯ ಪುಟದವರೆಗೆ

ಕಾಮೆನಿತ್ಸಾ
ಶುಕ್ರವಾರ, ೧೬ ಮೇ ೨೦೧೪

ಓತಾ,

ಇಲ್ಲಿ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತದಲ್ಲ? ಈ ವಾರ ಊರಲ್ಲಿ ಎಲ್ಲರೂ ಏನಾದರೊಂದನ್ನು ಹೊಡೆಯುತ್ತಿದ್ದಾರೆ. ನನ್ನ ಪಾಲಿಗೆ ಒಂದು ಪದವಾದರೂ ಇರಲಿ.

ನೀನು ಬಿಯರಂಗಡಿಯ ಮೇಲಿನ ಕೋಣೆಗೆ ಹೋಗಿ ಐದು ತಿಂಗಳಾಯಿತು. ನನ್ನ ಕಾಗದಗಳನ್ನು ನೀನು ಮೊದಲ ಪುಟದಾಚೆಗೆ ಓದುವುದಿಲ್ಲ ಎಂದು ಗೊತ್ತು. ಆದ್ದರಿಂದ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಪ್ಲಾಮೆನ್ ಮೋಸಗಾರನಲ್ಲ. ನಿನ್ನ ತಮ್ಮ ವಿಲೇಮನನ್ನು ಕೊಂದ ಕಾಗದದ ಮೇಲಿರುವ ಸಹಿ ನನ್ನದು.

ಪ್ಲಾಮೆನ್‌ನನ್ನು ಸೋಮವಾರ ಆಸ್ಪತ್ರೆಯಿಂದ ಬಿಡುತ್ತಾರೆ. "ಬಾಗ್ಲಲ್ಲೇ ಕಾಯ್ತಿರ್ತೀನಿ, ಮೊನ್ನೆ ದವಡೆಗೆ ನಿಲ್ಸಿದ್ದೆ, ಇನ್ನು ತಲೆ ಬಾಕಿ" ಎಂದು ನೀನು ಮೇಜು ಗುದ್ದಿ ಹೇಳಿದ್ದು ಒಂದೇ ದಿನದಲ್ಲಿ ನನ್ನ ಕಿವಿಗೂ ಬಂತು. ಮೇಜೂ ಒಡೆಯಿತಂತೆ. ಪಾಪ, ಅದಕ್ಕಂತೂ ಯಾವ ಪದವಿಯೂ ಇರಲಿಲ್ಲ.

ಈಗ ಕಾಗದದ ವಿಷಯ. ಯುರೋಪಿನ ವಿಶ್ವವಿದ್ಯಾಲಯಗಳು ಪದವಿ ಪತ್ರದ ಜೊತೆ ಒಂದು ಪುರವಣಿ ಕೊಡುತ್ತವೆ. ಓದಿದವನು ಯಾವ ಮಟ್ಟದವನು, ಯಾವ ಯಾವ ವಿಷಯ ಎಷ್ಟು ತಾಸು ಕಲಿತ, ಅವನ ಅಂಕ ಅವನ ದೇಶದಲ್ಲಿ ಒಳ್ಳೆಯದೋ ಕೆಟ್ಟದ್ದೋ, ಆ ಪದವಿಯಿಂದ ಯಾವ ಕೆಲಸ ಮಾಡಬಹುದು, ಎಲ್ಲ ಅದರಲ್ಲಿರುತ್ತದೆ. ಪರದೇಶದ ಮಾಲೀಕನಿಗೆ ಅರ್ಥವಾಗಲಿ ಎಂದೇ ಬರೆದದ್ದು. ಮೊದಲು ನಾನಿದ್ದ ಗಾಜಿನ ಕಾರ್ಖಾನೆಯ ಹಿರಿಯರು ಅದನ್ನು ಕೆಂಪು ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದುತ್ತಿದ್ದರು. ಸಂಶಯ ಬಂದರೆ ಲಿಸ್ಬನ್ನಿಗೂ ಫೋನು ಮಾಡುತ್ತಿದ್ದರು. ನಮ್ಮ ಕ್ವಾರಿಯ ಹ್ರುಬೆಷ್ ಸಾಹೇಬರು ಅದನ್ನು ಕಾಫಿ ಲೋಟದ ಅಡಿಗೆ ಇಡುತ್ತಾರೆ. ಕ್ವಾರಿಯ ಕಚೇರಿಯಲ್ಲಿ ಹೊಸಬರ ಕಾಗದ ನೋಡುವ ಕೆಲಸಕ್ಕೆ ಸೇರಿ ನಾನು ಮೊದಲ ಸಲ ತೋರಿಸಿದಾಗ, "ಪುರವಣಿನಾ? ಪದಬಂಧ ಇದ್ರೆ ಕೊಡು, ಲಿಬುಶೆ" ಎಂದಿದ್ದರು.

ಪ್ಲಾಮೆನ್ ಬಲ್ಗೇರಿಯದಿಂದ ಬಂದದ್ದು ಅಳತೆಯ ಕೆಲಸ ಕೇಳಿಕೊಂಡು. ಪದವಿ ಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ 'ಗಣಿ ಎಂಜಿನಿಯರ್' ಎಂದಿತ್ತು. ಹ್ರುಬೆಷ್ ಅಷ್ಟೇ ಓದಿದರು. ಮದ್ದು ಸಿಡಿಸುವ ಮುದುಕ ನಿವೃತ್ತನಾಗಿದ್ದ, ಕಲ್ಲು ಪುಡಿ ಮಾಡುವ ಯಂತ್ರ ಹಸಿದು ಕೂತಿತ್ತು. "ಹೆಸ್ರೇ ಬೆಂಕಿ ಕಣಯ್ಯ, ಇನ್ನೇನು ಬೇಕು!" ಎಂದು ಬೆನ್ನು ತಟ್ಟಿದರು. ನಮ್ಮ ಚೆಕ್ ಭಾಷೆಯಲ್ಲೂ ಅವರ ಭಾಷೆಯಲ್ಲೂ ಪ್ಲಾಮೆನ್ ಎಂದರೆ ಜ್ವಾಲೆ ತಾನೆ. ಕ್ಯಾಂಟೀನಿನಲ್ಲಿ ನೀವೆಲ್ಲ ಅದನ್ನೇ ಹಿಡಿದು ಒಂದು ತಿಂಗಳು ನಕ್ಕಿರಿ.

ಅವನು ನಗಲಿಲ್ಲ. ನನ್ನ ಮೇಜಿಗೆ ಬಂದು ಪುರವಣಿಯ ನಾಲ್ಕನೆಯ ಪುಟ ತೆಗೆದು ಬೆರಳಿಟ್ಟ. "ಮೇಡಂ, ನೋಡಿ. ಅಳತೆ, ನಕ್ಷೆ, ಅಳತೆ, ನಕ್ಷೆ. ಮದ್ದಿನ ಪಾಠ ಒಂದೇ ಒಂದು, ಅದೂ ಪುಸ್ತಕದಲ್ಲಿ. ನಾನು ಬತ್ತಿ ಹಚ್ಚಿದ್ದು ಹುಟ್ಟುಹಬ್ಬದ ಕೇಕಿಗೆ ಮಾತ್ರ." ವಿಲೇಮ್ ಅವನನ್ನು 'ಕೇಕು' ಎಂದು ಕರೆಯತೊಡಗಿದ್ದು ಆಮೇಲೆ.

ನಾನು ಹ್ರುಬೆಷರಿಗೆ ಹೇಳಿದೆ. ನಿಜವಾಗಿ ಹೇಳಿದೆ, ಓತಾ. ಅವರು ಒಂದು ನಮೂನೆ ನನ್ನತ್ತ ತಳ್ಳಿದರು: 'ವಿದ್ಯಾರ್ಹತೆ ಪರಿಶೀಲಿಸಲಾಗಿದೆ. ಸ್ಫೋಟದ ಕೆಲಸಕ್ಕೆ ಯೋಗ್ಯ.' ಕೆಳಗೆ ನನ್ನ ಹೆಸರು. ನಾನು ಹೆದರಿದೆ, ಸಹಿ ಹಾಕಿದೆ. ಸದ್ಯಕ್ಕೆ ಅಷ್ಟೇ ಬರೆಯುತ್ತೇನೆ.

ಮೇ ಆರನೆಯ ತಾರೀಕಿನದು ನಿನಗೆ ಗೊತ್ತಿದೆ ಎಂದುಕೊಂಡಿದ್ದೀಯ. ಗೊತ್ತಿಲ್ಲ. 'ಬಲ್ಗೇರಿಯದವನು ವಿಲೇಮನನ್ನು ಮುಂದೆ ತಳ್ಳಿದ' ಎಂಬುದು ಹ್ರುಬೆಷ್ ಹೇಳಿದ ಕತೆ. ನಡೆದದ್ದು ಬೇರೆ. ಹನ್ನೆರಡು ಕುಳಿಗಳಿಗೆ ಮದ್ದು ತುಂಬಿದ್ದರು. ಪ್ಲಾಮೆನ್ ಅಳತೆಯವನಲ್ಲವೇ, ಎಣಿಸಿದ. ಹನ್ನೊಂದು ಸಲ ಸದ್ದಾಯಿತು. "ಒಂದು ಕಮ್ಮಿ" ಎಂದ. ಎಷ್ಟು ಹೊತ್ತು ಕಾಯಬೇಕು ಎಂದು ಅವನಿಗೆ ಗೊತ್ತಿರಲಿಲ್ಲ. ಅವನ ಪುಸ್ತಕದಲ್ಲಿದ್ದದ್ದು ಮರೆತಿತ್ತು. ಆದರೆ ಹೋಗಬಾರದು ಎಂದು ಮಾತ್ರ ಗೊತ್ತಿತ್ತು. ವಿಲೇಮ್ ಆ ಸಿಡಿಯದ ಕುಳಿ ನೋಡಲು ಹೊರಟಾಗ ತೋಳು ಹಿಡಿದು ಜಗ್ಗಿದ. "ಬಿಡೋ ಕೇಕು, ನಾನ್ ನೋಡ್ದೇ ಇರೋ ಕುಳಿನಾ!" ಎಂದು ವಿಲೇಮ್ ಕೊಸರಿಕೊಂಡ. ಅಂಗಿಯ ತೋಳು ಪ್ಲಾಮೆನ್‌ನ ಕೈಯಲ್ಲಿ ಉಳಿಯಿತು. ಉಳಿದ ವಿಲೇಮನನ್ನು ನಾವು ಎರಡು ಟಾರ್ಪಾಲಿನಲ್ಲಿ ತಂದೆವು. ಎದೆಯ ಜಾಗದಲ್ಲಿ ಕಲ್ಲಿತ್ತು. ಕುಳಿಯ ಹತ್ತಿರವಿದ್ದ ಲಾರಿಯ ಗಾಜಿನ ಮೇಲೆ ಅವನ ಕೂದಲು ಅಂಟಿತ್ತು. ನಾನೇ ನೀರು ಸುರಿದು ತೊಳೆದೆ.

ಅಂದು ಸಂಜೆ ಹ್ರುಬೆಷ್ ಪ್ಲಾಮೆನ್‌ನ ಫೈಲಿನಿಂದ ಎರಡರಿಂದ ಎಂಟನೆಯ ಪುಟದವರೆಗೆ, ಅಂದರೆ ಇಡೀ ಪುರವಣಿಯನ್ನು, ಕಿತ್ತುಕೊಟ್ಟು ಸುಟ್ಟುಬಿಡು ಎಂದರು. ನಾನು ಅವನ್ನು ಆಲೂಗಡ್ಡೆಯ ಚೀಲದೊಳಗಿಟ್ಟು ಮನೆಗೆ ತಂದೆ. ಪೊಲೀಸರು ಕೇಳಿದಾಗ ಪುರವಣಿ ಬಂದೇ ಇರಲಿಲ್ಲ ಎಂದೆ. ಮರುದಿನ ಹ್ರುಬೆಷ್ ಉಳಿದ ಒಂದೇ ಪುಟವನ್ನು, ಆ ಪದವಿ ಪತ್ರವನ್ನು, ಕ್ಯಾಂಟೀನಿನಲ್ಲಿ ಎತ್ತಿ ಹಿಡಿದರು. "ನೋಡ್ರಪ್ಪಾ, ಕಳ್ಳ ಪದವಿ! ಬೆಂಕಿ ಸಾಹೇಬ ನಮಗೆಲ್ಲ ಟೋಪಿ ಹಾಕಿದ!"

ಆಗ ನೀನು ಎದ್ದೆ. ಕೊರೆಯುವ ಯಂತ್ರದ ಸಲಾಕೆ ಗೋಡೆಗೆ ಒರಗಿತ್ತು. ಮೊದಲ ಏಟಿಗೆ ಅವನ ದವಡೆ ಮುರಿದ ಸದ್ದು ಸೂಪಿನ ಪಾತ್ರೆಯ ಹತ್ತಿರ ನಿಂತವರಿಗೂ ಕೇಳಿಸಿತು. ಅವನು ಬಿದ್ದ ಮೇಲೆ ಪಕ್ಕೆಗೆ ನಾಲ್ಕು. ಆಮೇಲೆ ಬೂಟಿನ ಹಿಮ್ಮಡಿಯಿಂದ ಬಲಗೈಯನ್ನು ಸಿಗರೇಟಿನ ತುಂಡು ಹೊಸಕಿದಂತೆ ಹೊಸಕಿದೆ. "ಬರಿಯೋ ಈಗ, ಬರಿಯೋ ಪದವಿ!" ಎಂದು ಕೂಗುತ್ತಿದ್ದೆ. ಅವನು ರಕ್ತದ ನಡುವೆ ಅದೇನೋ ಹೇಳುತ್ತಿದ್ದ, ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ನಾಲ್ಕು ಎನ್ನುತ್ತಿದ್ದ. ನಾಲ್ಕನೆಯ ಪುಟ. ಹೊಡೆದವನು ಯಾರು ಎಂದು ಕ್ಯಾಂಟೀನಿನಲ್ಲಿದ್ದವರು ಒಬ್ಬರೂ ಪೊಲೀಸರಿಗೆ ಹೇಳಲಿಲ್ಲ.

ನಾನು ಬಾಗಿಲಲ್ಲೇ ಇದ್ದೆ, ಓತಾ. ಮನೆಯಲ್ಲಿ ಬಿಡಲು ಹೆದರಿ ಮತ್ತೆ ತಂದಿದ್ದ ಆ ಚೀಲ ನನ್ನ ಕೈಯಲ್ಲಿತ್ತು, ಪುಟಗಳು ಚೀಲದಲ್ಲಿದ್ದವು. ಬಾಯಿ ತೆರೆದಿದ್ದರೆ ನೀನು ನಿಲ್ಲುತ್ತಿದ್ದೆ. ಆ ಸಲಾಕೆ ನನ್ನ ಕಡೆ ತಿರುಗುತ್ತಿತ್ತು. ನಿನ್ನ ಕೈಯ ರುಚಿ ನನಗೆ ಹೊಸದಲ್ಲ. ಡಿಸೆಂಬರಿನಲ್ಲಿ ನನ್ನ ಹುಬ್ಬಿಗೆ ಹಾಕಿಸಿದ ಮೂರು ಹೊಲಿಗೆಯನ್ನು ವೈದ್ಯರು ಅಚ್ಚುಕಟ್ಟಾಗಿದೆ ಎಂದು ಹೊಗಳಿದ್ದರು. ನಾನು ಬಾಯಿ ತೆರೆಯಲಿಲ್ಲ. ಅವನ ಬೆರಳುಗಳು ಮುರಿಯುವುದನ್ನು ಐದರವರೆಗೂ ಎಣಿಸುತ್ತ ನೋಡಿದೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ದವಡೆಗೆ ತಂತಿ ಬಿಗಿದಿದ್ದಾರೆ. ಎಡಗೈಯಲ್ಲಿ ಒಂದು ಹಲಗೆಯ ಮೇಲೆ ವಕ್ರವಕ್ರವಾಗಿ ಬರೆದ: 'ವಿಲೇಮ್ ಒಳ್ಳೆಯವನು. ನಾನು ಎಳೆದೆ.' ಅಳತೆಯ ಉಪಕರಣ ಹಿಡಿಯುವ ಕೈ ಇನ್ನು ಸ್ಥಿರವಾಗಿ ನಿಲ್ಲುವುದಿಲ್ಲವಂತೆ. ಯಾವ ಮಾಲೀಕನೂ ಅವನ ಪುರವಣಿಯನ್ನು ಇನ್ನು ಓದಬೇಕಾಗಿಲ್ಲ.

ನಾಳೆ ಬೆಳಿಗ್ಗೆ ಮೂಲ ಪುಟಗಳನ್ನು ಪೊಲೀಸರಿಗೆ ಕೊಡುತ್ತೇನೆ, ನನ್ನ ಸಹಿಯ ನಮೂನೆಯ ನಕಲನ್ನೂ. ಹ್ರುಬೆಷ್ ಒಳಗೆ ಹೋಗುತ್ತಾರೆ. ಅವರ ಹಿಂದೆ ನಾನೂ. ಸರತಿಯಲ್ಲಾದರೂ ಅವರು ಮೊದಲ ಪುಟ, ನಾನು ಪುರವಣಿ. ನಾಲ್ಕನೆಯ ಪುಟದ ಒಂದು ಪ್ರತಿ ಇದರೊಂದಿಗಿದೆ. ಓದು. ಓದಿದ ಮೇಲೂ ಯಾರನ್ನಾದರೂ ಹೊಡೆಯಲೇಬೇಕು ಎನಿಸಿದರೆ ನಾನು ಠಾಣೆಯಲ್ಲಿರುತ್ತೇನೆ. ಆ ಹುಡುಗನನ್ನು ಬಿಟ್ಟುಬಿಡು. ಅವನು ಬಸ್ಸು ಹತ್ತಿ ತನ್ನೂರಿಗೆ ಹೋಗಲಿ.

ಕಾಗದದ ಮೇಲಾದರೂ ಇನ್ನೂ ನಿನ್ನ ಹೆಂಡತಿ,
ಲಿಬುಶೆ

ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ: ಹೆದರಿ ಸಹಿ ಹಾಕಿದೆ ಎಂದೆನಲ್ಲ, ಯಾವುದಕ್ಕೆ ಎಂದು ಹೇಳಲಿಲ್ಲ. ಆ ದಿನ ಹ್ರುಬೆಷರ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ನಮೂನೆ, ಇನ್ನೊಂದು, ಮೇಸ್ತ್ರಿಯ ಹಲ್ಲು ಉದುರಿಸಿದ್ದಕ್ಕೆ ನಿನ್ನನ್ನು ಕೆಲಸದಿಂದ ತೆಗೆಯುವ ಆದೇಶ. ನಾನು ಸಹಿ ಹಾಕಿದರೆ ಎರಡನೆಯದನ್ನು ಹರಿಯುತ್ತೇನೆ ಎಂದರು. ಆದರೂ ನಾನು ಒಲ್ಲೆ ಎಂದು ಎದ್ದು ಬಂದಿದ್ದೆ. ಕಾರಿಡಾರಿನಲ್ಲಿ ನಿಂತಿದ್ದವನು ವಿಲೇಮ್. "ಅತ್ತಿಗೆ, ಹಾಕ್ಬಿಡು. ಕೆಲ್ಸ ಹೋದ್ರೆ ಅಣ್ಣ ಕುಡ್ದು ಸಾಯ್ತಾನೆ, ಇಲ್ಲಾ ಯಾರ್ನಾದ್ರೂ ಸಾಯಿಸ್ತಾನೆ. ಆ ಹುಡುಗನ ಜೊತೆ ನಾನಿರ್ತೀನಿ, ಕುಳಿ ಕುಳಿಗೂ ಕಲಿಸ್ತೀನಿ" ಎಂದ. ಪೆನ್ನು ಕೊಟ್ಟವನೂ ಅವನೇ. ಇದನ್ನು ಪೊಲೀಸರಿಗೆ ಹೇಳುವುದಿಲ್ಲ. ನಿನಗೆ ಮಾತ್ರ ಹೇಳಿದ್ದೇನೆ.