ಕಿಟಕಿ ಪಕ್ಕದ ಹೊಲಿಗೆ ಮಿಷನ್

ಅಪ್ಪಾ, ಅಡ್ಡಬಿದ್ದೆ!

ತೀರಿಹೋದ ತಂಗಿಯ ಸಾಮಾನು ತರಲು ಅವಳು ಭೂಗೋಳ ಕಲಿಸುತ್ತಿದ್ದ ಕಾಲೇಜಿಗೆ ಬಂದೆ. ಏನು ಕಂಡೆ ಗೊತ್ತೇ? ತರಗತಿಯ ಗೋಡೆಯ ಮೇಲೆ, ರಂಗದ ಪರದೆಯಷ್ಟು ದೊಡ್ಡದಾಗಿ, ಅವಳೇ ಬರೆದ ನಮ್ಮ ಮನೆಯ ನಕ್ಷೆ! ಕಿಟಕಿ ಪಕ್ಕ ನಿಮ್ಮ ಹೊಲಿಗೆ ಮಿಷನ್!

ಅವಳ ವಿದ್ಯಾರ್ಥಿನಿ ಹೇಳಿದಳು: "ಮೇಡಂ ಮಾಡ್ತಿದ್ದ ಮೊದಲ ಪಾಠ ಇದೇ ಸಾರ್. ಊರುಗಳ ಹೆಸರು ಉರು ಹೊಡೆಯೋದಲ್ಲ ಭೂಗೋಳ, ಯಾವುದು ಎಲ್ಲಿದೆ, ಯಾಕೆ ಅಲ್ಲೇ ಇದೆ ಅಂತ ಕೇಳೋದು ಅನ್ನೋರು. ಮಿಷನ್ ಅಲ್ಲೇ ಯಾಕಿದೆ ಅಂತ ಅವರು ಕೇಳಿದ್ರೆ ನಾವು 'ಬೆಳಕಿಗೆ' ಅಂತಿದ್ವಿ. 'ಅಲ್ಲ ಕಣ್ರೋ, ನಾನು ಮನೆಗೆ ಬರೋ ದಾರಿ ಕಾಣೋದು ಅಲ್ಲಿಂದ. ಅಪ್ಪ ನನ್ನ ಹತ್ರ ಮಾತು ಬಿಟ್ಟಿದ್ದಾರೆ, ಆ ಜಾಗ ಬಿಟ್ಟಿಲ್ಲ' ಅನ್ನೋರು."

ಸೋಮವಾರ ಬರುತ್ತೇನೆ. ಸಾವಿನ ಸುದ್ದಿ ಬಂದ ದಿನವೇ ನೀವು ಮಿಷನ್ನನ್ನು ಒಳಕೋಣೆಗೆ ಎಳೆದಿರಿ. ಯಾಕೆಂದು ಈಗ ತಿಳಿಯಿತು ಅಪ್ಪಾ.

ನಿಮ್ಮ ದೊಡ್ಡ ಮಗ