ಅಂಗಳಕ್ಕೆ ಎರಡನೇ ಫಲಕ

ಪಾಲೋ ವೆರ್ದೆ, ಟೆಕ್ಸಸ್

ಶ್ರೀಮತಿ ಪ್ರೂಯಿಟ್ ಅವರಿಗೆ,

ನಿಮ್ಮ ಅಮೆರಿಕನ್ ಫುಟ್‌ಬಾಲ್ ಅಭಿಮಾನಿ ಸಂಘದವರು, ಶಾಲಾ ತಂಡದ ಹುಡುಗರ ಮನೆಗಳಿಗೆಲ್ಲ ಮಾಡುವಂತೆ, 'ಇದು ವೀರ ರೂಬೆನ್‌ನ ಮನೆ' ಎಂಬ ಫಲಕವನ್ನು ನನ್ನ ಅಂಗಳದಲ್ಲಿ ನೆಟ್ಟುಹೋಗಿದ್ದಾರೆ. ನನ್ನ ಮೊಮ್ಮಗ ರೂಬೆನ್ ಈ ವರ್ಷವೆಲ್ಲ ಆಟಕ್ಕಿಳಿದಿಲ್ಲ, ಬೆಂಚು ಬಿಟ್ಟು ಎದ್ದಿಲ್ಲ. ಅವನ ತಂಗಿ ಇತ್ಸೆಲ್ ಶಾಲೆಯ ಸಾಕರ್, ಅಂದರೆ ಕಾಲ್ಚೆಂಡಾಟದ, ತಂಡದ ಗೋಲ್‌ಕೀಪರ್, ಜಿಲ್ಲೆಯ ಕಪ್ ಗೆದ್ದು ತಂದವಳು. ಅವಳಿಗೂ ಫಲಕ ಕೇಳಿದರೆ ನೀವು ಚರ್ಚಿನ ಬಾಗಿಲಲ್ಲೇ ನಕ್ಕಿರಿ: "ಅಯ್ಯೋ ಅಜ್ಜಿ, ಸಾಕರ್ ನೋಡೋಕೆ ಅವರಮ್ಮಂದಿರು ಬಿಟ್ರೆ ಯಾರ್ ಬರ್ತಾರೆ?"

ನಿಮ್ಮ ಆಟಕ್ಕೆ ಇಡೀ ಊರು ಸೇರುತ್ತದೆ, ನಿಜ. ಅವಳ ಆಟಕ್ಕೆ ಇಡೀ ಜಗತ್ತು ಸೇರುತ್ತದೆ.

ನಿನ್ನೆ ಊಟಕ್ಕೆ ಕೂತ ಇತ್ಸೆಲ್, "ಅಜ್ಜಿ, ಹಾಗಾದ್ರೆ ನನ್ ಮನೆ ಯಾವ್ದು?" ಎಂದಳು.

ಮನೆ ನನ್ನದು, ಯಾರದೆಂದು ಹೇಳುವವಳೂ ನಾನೇ. ಭಾನುವಾರದೊಳಗೆ ಅಷ್ಟೇ ಎತ್ತರದ ಇನ್ನೊಂದು ಫಲಕ ತನ್ನಿ. ಗುಂಡಿಯನ್ನು ರೂಬೆನ್ನೇ ತೋಡಿಟ್ಟಿದ್ದಾನೆ.

ಇಂತಿ,
ಯುಫೇಮಿಯಾ ಕಾಂತೂ